ಗುಡ್ಡೆ ಬದಿ ನಿವಾಸಿಗಳ ಗುಂಪು: ರಾತ್ರಿ 11:40ರ ಬ್ಲಾಸ್ಟಿಂಗ್

ಮನೆ 17, ರಾತ್ರಿ 12:06
ಇನ್ನು ನನ್ನ ಕೈಲಿ ಆಗುದಿಲ್ಲ. ಗುಡ್ಡೆಯೊಳಗೆ ಕಚ್ಚಾ ಎಣ್ಣೆ ತುಂಬಿಡುವ ಗುಹೆ ತೆಗೆಯುವವರು 11:40ಕ್ಕೆ ಹೊಡೆದದ್ದು ಯಾರಿಗೂ ಕೇಳ್ಲಿಲ್ವಾ? ಅಮ್ಮ ಮಂಚದಿಂದ ಎದ್ದು ದೇವರ ಕೋಣೆಗೆ ಓಡಿದ್ರು, ಎಂಬತ್ತು ವರ್ಷ ಅವರಿಗೆ. ಕಾಲುದೀಪ ಬಿದ್ದು ಎಣ್ಣೆ ಎಲ್ಲ ನೆಲಕ್ಕೆ. ಅಡುಗೆ ಕೋಣೆಯ ಗೋಡೆಯಲ್ಲಿ ಮೊನ್ನೆ ಬೆರಳುದ್ದ ಇದ್ದ ಬಿರುಕು ಈಗ ಕಿಟಕಿ ತನಕ ಬಂದಿದೆ. ರಾತ್ರಿ 10ರ ಮೇಲೆ ಹೊಡೆಯುದಿಲ್ಲ ಅಂತ ದೀಪಾವಳಿ ಮೀಟಿಂಗಲ್ಲಿ ಬಾಯಿ ತುಂಬ ಹೇಳಿದ್ರಲ್ಲ, ಆ ಮಾತು ಎಲ್ಲಿ ಹೋಯ್ತು?

ಮನೆ 22, 12:09
ಕೇಳದೆ ಎಂತ ಅಕ್ಕ. ನಮ್ಮದು ಎರಡು ಹಂಚು ಜಾರಿ ಅಂಗಳಕ್ಕೆ ಬಿತ್ತು. ಮಗು ಇನ್ನೂ ಮಲಗಿಲ್ಲ.

ಮನೆ 9, 12:11
ಈಗ ಕೂಗಿ ಎಂತ ಪ್ರಯೋಜನ? ಅಹವಾಲು ಸಭೆಯ ದಿನ ನಾನೊಬ್ಬ ಎದ್ದು ನಿಂತು ಕೇಳಿದೆ. ಈ ಗುಂಪಿನಲ್ಲಿ 64 ಮನೆ, ಬಂದದ್ದು ನಾಲ್ಕು ಜನ. ಉಳಿದವರಿಗೆ ಮದುವೆ, ನಾಮಕರಣ.

ಮನೆ 9, 12:12
ಟಿಪ್ಪರ್ ಹೋಗ್ಲಿಕ್ಕೆ ದಾರಿ ಬಿಟ್ಟುಕೊಟ್ಟವರು ಈ ಗುಂಪಿನಲ್ಲೇ ಇದ್ದಾರೆ. ಹೆಸರು ಹೇಳುದಿಲ್ಲ.

ಮನೆ 28, 12:15
ಹೇಳಿ ಮಾರಾಯ್ರೆ, ಹೆದರಿಕೆ ಯಾಕೆ? ನನ್ನ ಜಾಗ, ನಾನು ಬಾಡಿಗೆಗೆ ಕೊಟ್ಟದ್ದು. ನಾನು ಕೊಡದಿದ್ರೆ ಗುಹೆ ತೆಗೀತಿರಲಿಲ್ವಾ?

ಮನೆ 31, ಬೆಳಿಗ್ಗೆ 5:48
(ಫಾರ್ವರ್ಡ್) ಶುಭೋದಯ. ಇಂದಿನ ದಿನ ತಮಗೂ ತಮ್ಮ ಕುಟುಂಬಕ್ಕೂ ಸುಖ ಶಾಂತಿ ತರಲಿ 🌺🙏

ಮನೆ 13, 6:20
ರಾತ್ರಿಪಾಳಿ ಮುಗಿಸಿ ಈಗ ಬಂದೆ. ಇನ್ನು ಯಾರಿಗೂ ಅಲಾರಂ ಬೇಡ ಅಲ್ವಾ 😄

ಮನೆ 17, 6:24
ಅಣ್ಣ, ನಿಮಗೆ ನಗು. ನಮ್ಮಮ್ಮನಿಗೆ ಈಗಲೂ ಕೈ ನಡುಗ್ತಾ ಉಂಟು.

ಮನೆ 13, 6:25
ತಪ್ಪಾಯ್ತು ಅಕ್ಕ. ನಿಜವಾಗಿಯೂ.

ಮನೆ 31, 6:40
(ಫಾರ್ವರ್ಡ್) ಎಚ್ಚರ!! ಭೂಮಿಯ ಒಳಗಿನ ಗುಹೆ ಕುಸಿದರೆ ಹತ್ತು ಊರು ಒಂದೇ ಕ್ಷಣದಲ್ಲಿ ಪಾತಾಳಕ್ಕೆ. ಎಲ್ಲರಿಗೂ ಕಳಿಸಿ.

ಮನೆ 4 (ಮೇಷ್ಟ್ರು), 7:15
ಇದನ್ನು ದಯವಿಟ್ಟು ಅಳಿಸಿ. ಹೀಗೆ ಹೆದರಿಸಿದ್ರೆ ನಾಳೆ ನಾವು ನಿಜ ಹೇಳಿದ್ರೂ ಯಾರೂ ನಂಬುದಿಲ್ಲ. ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ಎಣ್ಣೆ ಹಿಡಿಯುವ ಗುಹೆ ಕಲ್ಲಿನೊಳಗೆ ಕೊರೆದು ಮುಗಿಸಿ ವರ್ಷಗಳಾದವು. ಅದರ ಮುಂದೆ ನಮ್ಮದು ಸಣ್ಣದು. ನಮಗೆ ಕಷ್ಟ ಬಂದಿರುದು ಕುಸಿತದಿಂದ ಅಲ್ಲ. ನಡುಕ ಒಂದು, ನೀರು ಇನ್ನೊಂದು.

ನಡುಕಕ್ಕೆ ಅಳತೆ ಉಂಟು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ. ಗಣಿಗಳಿಗೆ ಬರೆದದ್ದು, ಆದ್ರೆ ಕೈಯಲ್ಲಿ ಹಿಡಿದು ಮಾತಾಡ್ಲಿಕ್ಕೆ ನಮಗೆ ಅದೇ ಸಾಕು. ಬೇರೆಯವರ ವಾಸದ ಮನೆಯ ಹತ್ತಿರ ನೆಲದ ಅಲುಗಾಟ 8 ಹರ್ಟ್ಸಿಗಿಂತ, ಅಂದ್ರೆ ಸೆಕೆಂಡಿಗೆ 8 ಸಲಕ್ಕಿಂತ, ನಿಧಾನದ್ದಾದ್ರೆ ವೇಗ ಸೆಕೆಂಡಿಗೆ 5 ಮಿಲಿಮೀಟರ್ ದಾಟಬಾರದು. 8ರಿಂದ 25 ಹರ್ಟ್ಸ್ ಆದ್ರೆ 10, ಅದರ ಮೇಲೆ 15. ನಿಧಾನದ ಅಲುಗಾಟವೇ ಮನೆಗೆ ಕೆಟ್ಟದು, ಮನೆಯೂ ಅದರ ಜೊತೆಗೇ ತೂಗ್ತದೆ. ನಿನ್ನೆ 11:40ರ ನಡುಕದ ರೀಡಿಂಗ್ ಕೊಡಿ ಅಂತ ಬರವಣಿಗೆಯಲ್ಲಿ ಕೇಳ್ಬೇಕು. ಒಂದು ಸರದಿಗೆ ಎಷ್ಟು ಕಿಲೋ ಸಿಡಿಮದ್ದು ತುಂಬಿದ್ರು ಅಂತಲೂ. ಎಲ್ಲ ತೂತಿನ ಮದ್ದು ಒಟ್ಟಿಗೆ ಸಿಡಿಯುದಿಲ್ಲ, ಸ್ವಲ್ಪ ಸ್ವಲ್ಪ ಅಂತರದಲ್ಲಿ ಒಂದರ ಹಿಂದೆ ಒಂದು ಸಿಡೀತದೆ. ಆ ಒಂದೊಂದು ಸರದಿಯ ಮದ್ದು ಕಡಿಮೆ ಮಾಡಿದ್ರೆ ನಮ್ಮ ಗೋಡೆ ಉಳೀತದೆ.

ಮನೆ 9, 7:19
ಮೇಷ್ಟ್ರೆ, ಹರ್ಟ್ಸು ಗಿರ್ಟ್ಸು ಬಿಡಿ. ಗೇಟಿಗೆ ಬೀಗ ಜಡಿಯುವ. ನಾಳೆ ಬೆಳಿಗ್ಗೆ 6ಕ್ಕೆ. ಗಂಡಸರು ಯಾರ್ಯಾರು ಬರ್ತೀರಿ?

ಮನೆ 22, 7:21
ಗಂಡಸರು ಮಾತ್ರ ಯಾಕೆ? ರಾತ್ರಿ ಮಗು ಎತ್ತಿಕೊಂಡು ಕೂತದ್ದು ನಾನು.

ಮನೆ 35 (ಬಾವಿ ಮನೆ), 7:30
ಮೇಷ್ಟ್ರೆ, ನೀರಿನ ವಿಷಯ ಹೇಳಿ. ನಮ್ಮ ಬಾವಿ ಅಪ್ಪನ ಕಾಲದಲ್ಲಿ ಮೇ ಕೊನೆಗೂ ಬತ್ತಿದ್ದಿಲ್ಲ. ಈ ಸಲ ಯುಗಾದಿ ಮೊದಲೇ ಕೊಡಪಾನ ತಳಕ್ಕೆ ತಾಗ್ತದೆ, ಕೆಸರು ಬರ್ತದೆ.

ಮನೆ 4 (ಮೇಷ್ಟ್ರು), 7:52
ನಮ್ಮ ಗುಡ್ಡೆಯಲ್ಲಿ ಮೇಲೆ ಕೆಂಪುಕಲ್ಲು, ಅದರ ಕೆಳಗೆ ಶೇಡಿ ಮಣ್ಣು, ಅಡಿಯಲ್ಲಿ ಗಟ್ಟಿ ಕಲ್ಲು. ಬಾವಿಯ ನೀರು ಮೇಲಿನ ಎರಡರಲ್ಲಿ, ಗುಹೆ ಅಡಿಯ ಕಲ್ಲಿನಲ್ಲಿ. ನಡುವೆ ಸಂಬಂಧ ಇಲ್ಲ ಅಂತ ಗುಹೆ ತೆಗೆಯುವವರು ಹೇಳ್ತಾರೆ. ಕಲ್ಲಿನಲ್ಲಿ ಬಿರುಕೇ ಇಲ್ಲದಿದ್ರೆ ಸರಿ, ಆದ್ರೆ ಬಿರುಕಿಲ್ಲದ ಕಲ್ಲು ನಾನಂತೂ ನೋಡಿಲ್ಲ.

ಇಂಥ ಗುಹೆಗೆ ಒಳಗಿಂದ ಉಕ್ಕಿನ ತಗಡು ಹೊದಿಸುದಿಲ್ಲ. ಸುತ್ತ ಕಲ್ಲಿನ ಬಿರುಕುಗಳಲ್ಲಿರುವ ನೀರೇ ಒಳಕ್ಕೆ ಒತ್ತಿ ಎಣ್ಣೆ ಹೊರಗೆ ಹೋಗದ ಹಾಗೆ ಹಿಡಿದಿಡ್ತದೆ. ಅದಕ್ಕೇ ಗುಹೆಯ ನೆತ್ತಿಯ ಮೇಲೆ ಸಣ್ಣ ಸುರಂಗ ತೆಗೆದು, ಅಲ್ಲಿಂದ ಸಾಲಾಗಿ ತೂತು ಕೊರೆದು ಒತ್ತಡದಲ್ಲಿ ನೀರು ತುಂಬಿಸುದು. ನೀರಿನ ಪರದೆ ಅಂತ ಹೆಸರು. ಮೊದಲು ಪರದೆ ತುಂಬಬೇಕು, ಆಮೇಲೆ ಕೆಳಗೆ ಅಗೀಬೇಕು. ಹಿಂದೆ ಮುಂದೆ ಆದ್ರೆ ಸುತ್ತಲಿನ ನೀರು ಗುಹೆಗೆ ಇಳಿದು ಪಂಪಿನಲ್ಲಿ ತೋಡಿಗೆ ಹೋಗ್ತದೆ. ಹಾಗಾಗಿ ಈ ಗುಡ್ಡೆಯ ನೀರು ಉಳಿಯುದು ನಮಗೆ ಎಷ್ಟು ಬೇಕೋ ಅವರಿಗೂ ಅಷ್ಟೇ ಬೇಕು. ಈ ಮಾತು ಹಿಡಿದು ಹೋದ್ರೆ ಅವರು ಕೇಳ್ಲೇಬೇಕು.

ಆದ್ರೆ ಲೆಕ್ಕ ಬೇಕು. ಲೆಕ್ಕ ಇಲ್ಲದೆ ಹೋದ್ರೆ "ಬೇಸಿಗೆ ಅಲ್ವಾ" ಅಂತ ಚಾ ಕೊಟ್ಟು ಕಳಿಸ್ತಾರೆ. ಈ ಭಾನುವಾರ 8 ಗಂಟೆಗೆ ಎಲ್ಲ 11 ಬಾವಿಗೂ ಹಗ್ಗ ಇಳಿಸಿ, ದಂಡೆಯಿಂದ ನೀರಿಗೆ ಎಷ್ಟು ಅಡಿ ಅಂತ ಬರೆಯುವ. ಪ್ರತೀ ಭಾನುವಾರ, ಅದೇ ಹೊತ್ತಿಗೆ. ಬಿರುಕಿನ ಪಕ್ಕ ಸ್ಕೇಲ್ ಇಟ್ಟು ಫೋಟೋ.

ಮನೆ 22, 7:55
ನಾನು ಬರೀತೇನೆ. ಪುಸ್ತಕ ಉಂಟು.

ಮನೆ 28, 8:03
ಬಾವಿ ಬತ್ತಿದ್ದು ಗುಹೆಯಿಂದ ಅಂತ ಯಾರು ಹೇಳಿದ್ದು? ಮನೆ 9ರವರು ಎರಡು ಬೋರ್‌ವೆಲ್ ಹೊಡೆಸಿದ್ದಾರೆ. ಒಂದು ಕಾರು ತೊಳೀಲಿಕ್ಕೆ.

ಮನೆ 9, 8:04
ಲೈಸೆನ್ಸ್ ಉಂಟು ನನ್ನ ಹತ್ತಿರ. ತೋರಿಸ್ಲಾ?

ಮನೆ 9, 8:04
ನಿಮ್ಮ ಬಾಡಿಗೆ ಕರಾರು ತೋರಿಸಿ ಮೊದಲು.

ಮನೆ 28, 8:06
ತೋರಿಸ್ಲಿಕ್ಕೆ ನೀವು ಯಾರು?

ಮನೆ 41 (ಟೀಚರ್), 8:30
ಜಗಳ ನಿಲ್ಲಿಸಿ, ಎಲ್ಲರೂ ಓದ್ತಾ ಇದ್ದಾರೆ. ಜಾಗ ಆರಿಸುವಾಗಲೇ ಪ್ರಶ್ನೆ ಕೇಳಿದವರಿಗೆ ಉತ್ತರ ಸಿಕ್ಕಿದ್ದುಂಟು. ನ್ಯೂಟ್ರಿನೋ ಅನ್ನುವ ಅತಿ ಸಣ್ಣ ಕಣ ಹುಡುಕ್ಲಿಕ್ಕೆ ವಿಜ್ಞಾನಿಗಳು ತೆಗೀಬೇಕಂತಿದ್ದ ಗುಹೆಗೆ ಮೊದಲು ನೋಡಿದ್ದು ನೀಲಗಿರಿಯ ಸಿಂಗಾರ. ಮುದುಮಲೈ ಕಾಡಿನ ಪಕ್ಕ, ಆನೆ ದಾರಿ. 2009ರಲ್ಲಿ ಪರಿಸರ ಸಚಿವಾಲಯ ಬೇಡ ಅಂತ ಹೇಳಿತು. ಆಮೇಲೆ ಥೇಣಿ ಜಿಲ್ಲೆಯ ಪೊಟ್ಟಿಪುರಂ. ಅಲ್ಲಿಗೂ ಕೇರಳದ ಮತಿಕೆಟ್ಟಾನ್ ಶೋಲಾ ಉದ್ಯಾನ 5 ಕಿಲೋಮೀಟರ್ ಒಳಗೆ ಬರ್ತದೆ ಅಂತ 2017ರಲ್ಲಿ ಹಸಿರು ನ್ಯಾಯಮಂಡಳಿ ಅನುಮತಿ ತಡೆಹಿಡಿಯಿತು. ಅಷ್ಟು ಹಿಂದಿನ ಹೆಜ್ಜೆಯಲ್ಲಿ ನಾವು ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಈಗ ಮೇಷ್ಟ್ರು ಹೇಳಿದ ಅಳತೆಯಾದ್ರೂ ಮಾಡುವ.

ಮನೆ 9, 8:41
ನಾನು ಕೇಳಿದ್ದೆ ಟೀಚರೇ. ಮೇಲೆ ಬರೆದದ್ದು ಓದಿ.

ಕಾರ್ಯದರ್ಶಿ, ಮಧ್ಯಾಹ್ನ 1:10
ಎಲ್ಲ ಓದಿದೆ. ಪತ್ರಕ್ಕೆ ಸಂಘದ ಲೆಟರ್‌ಹೆಡ್ ಕೊಡ್ಬೇಕಾದ್ರೆ ಕಮಿಟಿ ಒಪ್ಪಬೇಕು. ಅಧ್ಯಕ್ಷರು ಮಗಳ ಮನೆಗೆ ದುಬೈಗೆ ಹೋಗಿದ್ದಾರೆ, 20ಕ್ಕೆ ಬರ್ತಾರೆ.

ಮನೆ 17, 1:14
20ರ ತನಕ ನಮ್ಮ ಗೋಡೆ ನಿಲ್ಬೇಕಲ್ಲ. ನಾನೇ ಬರೀತೇನೆ, ಸಹಿ ಯಾರು ಹಾಕ್ತೀರಿ?

ಮನೆ 22, 1:15
ನಾನು.

ಮನೆ 35 (ಬಾವಿ ಮನೆ), 1:31
ನಾನೂ.

ಮನೆ 50, ಸಂಜೆ 4:02
ಟಿಪ್ಪರ್ ಹೋಗಿ ಮೋರಿಯ ಚಪ್ಪಡಿ ತುಂಡಾಗಿದೆ. ಶಾಲೆಯ ಹುಡುಗ ಸೈಕಲ್ ಸಮೇತ ಬಿದ್ದ, ಮೊಣಕಾಲಿಗೆ ನಾಲ್ಕು ಹೊಲಿಗೆ. ಫೋಟೋ ಹಾಕಿದ್ದೇನೆ.

ಮನೆ 4 (ಮೇಷ್ಟ್ರು), 4:20
ಪಾಪ ಮಗು. ಒಳಗೆ ಒಂದು ಘನ ಮೀಟರ್ ಕಲ್ಲು ಒಡೆದ್ರೆ ಹೊರಗೆ ಸುಮಾರು ಒಂದೂವರೆ ಘನ ಮೀಟರ್ ಆಗ್ತದೆ. ಅದೆಲ್ಲ ಈ ಮೋರಿ ಮೇಲೆಯೇ ಹೋಗ್ಬೇಕು. ಆ ಕಲ್ಲನ್ನು ಎಲ್ಲಿ ಸುರೀತಾರೆ ಅಂತಲೂ ಪತ್ರದಲ್ಲಿ ಸೇರಿಸಿ.

ಮನೆ 9, 4:26
ಇದು ಪಂಚಾಯತ್ ಕೆಲಸ. ಮೆಂಬರಿಗೆ ನಾನು ಫೋನ್ ಮಾಡಿದೆ. ಭಾನುವಾರ 8 ಗಂಟೆಗೆ ಮೋರಿ ಹತ್ತಿರ ಬರ್ತಾರೆ. ಎಲ್ಲ ಮನೆಯಿಂದ ಒಬ್ಬೊಬ್ಬರು ಬರ್ಲೇಬೇಕು. ಬಾವಿಯೆಲ್ಲ ಆಮೇಲೆ.

ಮನೆ 50, 4:27
👍

ಮನೆ 13, 4:27
👍 ಬರ್ತೇನೆ.

ಮನೆ 28, 4:33
ಚಪ್ಪಡಿಗೆ ನಾನು 5,000 ಕೊಡ್ತೇನೆ.

ಮನೆ 22, ಸಂಜೆ 6:10
ಹಾಗಾದ್ರೆ ಬಾವಿ ಅಳತೆ ಎಷ್ಟು ಗಂಟೆಗೆ ಮೇಷ್ಟ್ರೆ?

ಮನೆ 31, 6:45
(ಫಾರ್ವರ್ಡ್) ಬೇಸಿಗೆಯಲ್ಲಿ ಮಜ್ಜಿಗೆ ಕುಡಿಯುವುದರ ಹತ್ತು ಲಾಭಗಳು 👇

ಕಾರ್ಯದರ್ಶಿ, ಭಾನುವಾರ ಬೆಳಿಗ್ಗೆ 9:50
ಮೆಂಬರ್ ಬಂದು ಮೋರಿ ನೋಡಿದ್ರು, ಹೊಸ ಚಪ್ಪಡಿ ಬುಧವಾರ ಹಾಕಿಸ್ತಾರಂತೆ. ಬಂದ 38 ಜನರಿಗೂ ಧನ್ಯವಾದ.

ಮನೆ 4 (ಮೇಷ್ಟ್ರು), 10:15
ಒಳ್ಳೆದಾಯ್ತು. ಮನೆ 35, 22, 17 ಮತ್ತು ನಮ್ಮದು, ನಾಲ್ಕು ಬಾವಿ ಅಳತೆ ಆಯ್ತು. ಮನೆ 35ರದ್ದು ದಂಡೆಯಿಂದ 31 ಅಡಿ. ಉಳಿದ ಏಳು ಮನೆಯವರು ಹಗ್ಗ ಬೇಕಾದ್ರೆ ನಮ್ಮಲ್ಲಿ ಉಂಟು, ತೆಗೆದುಕೊಂಡು ಹೋಗಿ.

ಕಾರ್ಯದರ್ಶಿ, 11:05
ಟ್ಯಾಂಕರ್ ಇಂದು ಸಂಜೆ 5ಕ್ಕೆ. 1ರಿಂದ 30ರ ಮನೆಯವರು ಡ್ರಮ್ ಹೊರಗೆ ಇಡಿ. 31ರ ಮೇಲಿನವರಿಗೆ ನಾಳೆ.

ಮನೆ 50, 11:07
ಮನೆಗೆ ಎಷ್ಟು ಕೊಡ ಈ ಸಲ?