ಧ್ವನಿಗಳು ನಿಂತ ಮೇಲೆ ಅಣ್ಣನ ಬದುಕು: ಯಾವುದನ್ನು ಸುಧಾರಣೆ ಎಂದು ತಿಳಿಯಬೇಕು?

ಬೆಟಗೇರಿಯ ತಂಗಿ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ ಡಿಗ್ರಿ ಓದುವಾಗಲೇ ಸ್ಕಿಜೋಫ್ರೇನಿಯಾ ಶುರುವಾಯಿತು. ಮೊದಲು ದೇವರು, ತಾಯತ ಎಂದು ಅಲೆದಾಡಿ, ಆಮೇಲೆ ಧಾರವಾಡದಲ್ಲಿ ಚಿಕಿತ್ಸೆ ಆರಂಭಿಸಿದೆವು. ಈಗ ಓಲಾಂಜಪಿನ್ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಾನೆ. ಬೈಯುವ ಧ್ವನಿಗಳು ಈಗ ಕೇಳಿಸುವುದಿಲ್ಲ, ಓಣಿಯವರ ಮೇಲಿದ್ದ ಸಂಶಯವೂ ಹೋಗಿದೆ. ಬೀಗರು ಬಿಜ್ಜರೆಲ್ಲ ‘ಆರಾಮಾದ’ ಎನ್ನುತ್ತಾರೆ. ಆದರೆ ಅವನು ಹೊತ್ತೇರಿದ ಮೇಲೆ ಏಳುತ್ತಾನೆ, ಸ್ನಾನಕ್ಕೂ ಹೇಳಿಸಿಕೊಳ್ಳಬೇಕು, ಮಗ್ಗದ ಮನೆಯಲ್ಲಿ ಸ್ವಲ್ಪ ಹೊತ್ತು ನೂಲಿನ ಕಂಡಿಕೆ ಸುತ್ತಿ ಮತ್ತೆ ಮಲಗುತ್ತಾನೆ. ತೂಕ ಬಹಳ ಏರಿದೆ. ಅಪ್ಪ ಸೋಮಾರಿ ಎಂದು ದಿನವೂ ಬೈಯುತ್ತಾರೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಅವನನ್ನು ಒಳಗಿನ ಕೋಣೆಯಲ್ಲಿ ಕೂಡಿಸಿದರು. ಕಾಯಿಲೆ ಹತೋಟಿಯಲ್ಲಿದ್ದರೂ ಅವನ ಬದುಕು ಹೀಗೆಯೇ ಸಾಗಬೇಕೇ? ನಾವು ಏನು ಮಾಡಬೇಕು?

ಉತ್ತರ: ಧಾರವಾಡದ ಮನೋವೈದ್ಯಕೀಯ ಸಮಾಜಕಾರ್ಯಕರ್ತೆ

ತಂಗಿ, ಮೊದಲು ನಿಮ್ಮ ತಂದೆಯವರಿಗೆ ಒಂದು ವಿಷಯ ತಿಳಿಸಿ. ಧ್ವನಿ, ಸಂಶಯಗಳು ಹೇಗೆ ಈ ಕಾಯಿಲೆಯ ಲಕ್ಷಣಗಳೋ, ಉತ್ಸಾಹ ಬತ್ತುವುದು, ಮಾತು ಕಡಿಮೆಯಾಗುವುದು, ಕೆಲಸ ಆರಂಭಿಸಲು ಮನಸ್ಸು ಏಳದಿರುವುದು ಕೂಡ ಹಾಗೆಯೇ ಲಕ್ಷಣಗಳು. ಮಾತ್ರೆಗಳು ಮೊದಲಿನವನ್ನು ತಗ್ಗಿಸಿದಷ್ಟು ಸುಲಭವಾಗಿ ಇವನ್ನು ತಗ್ಗಿಸುವುದಿಲ್ಲ. ಇದರ ಜೊತೆಗೆ ಮಾತ್ರೆಯ ಮಂಪರು ಇರಬಹುದು, ಖಿನ್ನತೆಯೂ ಇರಬಹುದು. ಮೂರೂ ಹೊರಗಿನಿಂದ ಒಂದೇ ರೀತಿ ಕಾಣುವುದರಿಂದ ವೈದ್ಯರ ಮುಂದೆ ಬಿಡಿಸಿ ಹೇಳಬೇಕು. ಮನೆಯಲ್ಲಿ ಸತತ ಟೀಕೆ ಕೇಳುವವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂಬುದನ್ನು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ದಶಕಗಳ ಹಿಂದೆಯೇ ತೋರಿಸಿದ್ದಾರೆ. ಬೇರೆ ದೇಶಗಳ ಅಧ್ಯಯನಗಳಲ್ಲಿಯೂ ಅದು ಕಂಡುಬಂದಿದೆ. ಆದ್ದರಿಂದ ಬೈಗುಳ ನಿಲ್ಲಿಸುವುದೂ ಚಿಕಿತ್ಸೆಯ ಭಾಗವೇ.

ತೂಕದ ವಿಷಯವನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಓಲಾಂಜಪಿನ್ ಹಸಿವನ್ನೂ ತೂಕವನ್ನೂ ಹೆಚ್ಚಿಸುತ್ತದೆ, ಸಕ್ಕರೆ ಕಾಯಿಲೆಗೂ ದಾರಿಯಾಗಬಹುದು. ಸ್ಕಿಜೋಫ್ರೇನಿಯಾ ಇರುವವರ ಆಯುಷ್ಯ ಇತರರಿಗಿಂತ ಹತ್ತಿಪ್ಪತ್ತು ವರ್ಷ ಕಡಿಮೆಯಾಗುತ್ತಿರುವುದಕ್ಕೆ ಹೃದ್ರೋಗದಂತಹ ದೈಹಿಕ ಕಾಯಿಲೆಗಳೇ ದೊಡ್ಡ ಕಾರಣ. ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶ ಇವನ್ನೆಲ್ಲ ನಿಯಮಿತವಾಗಿ ನೋಡಿಸಿ. ಮಾತ್ರೆಯನ್ನು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಬದುಕಿನ ಗುಣಮಟ್ಟ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 26 ಪ್ರಶ್ನೆಗಳ ಒಂದು ಪಟ್ಟಿಯಿದೆ. ಅದು ದೇಹ, ಮನಸ್ಸು, ಜನರೊಡನೆ ಸಂಬಂಧ, ಸುತ್ತಲಿನ ಪರಿಸರ ಈ ನಾಲ್ಕನ್ನೂ ಕುರಿತು ಕೇಳುತ್ತದೆ, ಮತ್ತು ಕೇಳುವುದು ಆ ವ್ಯಕ್ತಿಯನ್ನೇ. ನಿಮ್ಮ ಬರಹದಲ್ಲಿ ಅಪ್ಪನ ಮಾತು, ಬೀಗರ ಮಾತು, ನಿಮ್ಮ ಮಾತು ಎಲ್ಲವೂ ಇವೆ, ಅಣ್ಣನ ಮಾತು ಮಾತ್ರ ಇಲ್ಲ. ಅವರಿಗೆ ಏನು ಬೇಕು ಎಂದು ಕೇಳಿದ್ದೀರಾ?

ಉತ್ತರ: ಇದೇ ಕಾಯಿಲೆಯೊಡನೆ ಬದುಕುತ್ತಿರುವ ಹುಬ್ಬಳ್ಳಿಯವನು

ಅಕ್ಕಾವ್ರು ಕೊನೆಯಲ್ಲಿ ಹೇಳಿದ್ದನ್ನೇ ನಾನು ಮೊದಲು ಹೇಳುತ್ತಿದ್ದೆ. ಎಷ್ಟೋ ವರ್ಷ ವೈದ್ಯರ ಕೋಣೆಯಲ್ಲಿ ನನ್ನ ನಿದ್ದೆ, ನನ್ನ ಊಟ, ನನ್ನ ಸಿಟ್ಟಿನ ವಿಷಯವನ್ನು ಮನೆಯವರೇ ಹೇಳುತ್ತಿದ್ದರು, ನಾನು ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತಿದ್ದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಮುಂದೆ ಕಾಯಿಲೆ ಉಲ್ಬಣಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಚೆನ್ನಾಗಿರುವಾಗಲೇ ಬರೆದಿಡಬಹುದು, ನಮ್ಮ ಪರವಾಗಿ ನಿಲ್ಲುವ ಪ್ರತಿನಿಧಿಯನ್ನೂ ನಾವೇ ಹೆಸರಿಸಬಹುದು. ನಾನು ನನ್ನ ಸೋದರಮಾವನನ್ನು ಹೆಸರಿಸಿದ್ದೇನೆ.

ಇನ್ನೊಂದು ವಿಷಯ. ನಿಮ್ಮ ಅಣ್ಣ ಕಂಡಿಕೆ ಸುತ್ತುತ್ತಾರೆ ಎಂದಿರಿ. ಹೊರಗಿನವರಿಗೆ ಆ ಕೆಲಸಕ್ಕೆ ಏನು ಕೊಡುತ್ತೀರೋ ಅದನ್ನೇ ಅವರ ಕೈಗೂ ಕೊಡಿ, ಅದು ಎಷ್ಟೇ ಕಡಿಮೆಯಾಗಲಿ. ಹೊತ್ತು ಕಳೆಯಲೆಂದು ಕೊಟ್ಟ ಕೆಲಸ ಯಾವುದು, ದುಡಿಮೆ ಯಾವುದು ಎಂಬುದು ನಮಗೆ ಚೆನ್ನಾಗಿ ತಿಳಿಯುತ್ತದೆ. ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅರ್ಧ ದಿನದ ಕೆಲಸಕ್ಕೆ ಮೊದಲ ಸಂಬಳ ಬಂದ ಮೇಲೆಯೇ ನಾನು ಬೆಳಿಗ್ಗೆ ನಾನಾಗಿ ಏಳತೊಡಗಿದ್ದು.

ಉತ್ತರ: ಬ್ಯಾಡಗಿಯ ಒಬ್ಬ ತಾಯಿ

ನನ್ನ ಮಗಳಿಗೆ ಇದೇ ಕಾಯಿಲೆ. ಮದುವೆಯಾದರೆ ಸರಿಹೋಗುತ್ತದೆ ಎಂದು ಹಿರಿಯರು ಹೇಳಿದ್ದಕ್ಕೆ, ಕಾಯಿಲೆಯ ವಿಷಯ ಮುಚ್ಚಿಟ್ಟು ಮದುವೆ ಮಾಡಲಾಯಿತು. ಗಂಡನ ಮನೆಯಲ್ಲಿ ಮಾತ್ರೆ ಕಾಣಬಾರದೆಂದು ಅವಳು ನಿಲ್ಲಿಸಿದಳು, ಕಾಯಿಲೆ ಮರುಕಳಿಸಿತು, ತವರಿಗೆ ಕಳಿಸಿದರು. ನಿಮ್ಮ ಮದುವೆಗೆಂದು ಅಣ್ಣನನ್ನು ಒಳಗೆ ಕೂಡಿಸುವುದನ್ನು ಓದಿ ಸಂಕಟವಾಯಿತಮ್ಮ. ಮುಂದೆ ಬರುವವರಿಗೆ ನಿಜ ಹೇಳಿರಿ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಮಗೆ ಪ್ರತಿ ಸಲ ಧಾರವಾಡಕ್ಕೆ ಹೋಗುವ ಕೂಲಿ-ಖರ್ಚು ಉಳಿಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಅಂಗವೈಕಲ್ಯದ ಪಟ್ಟಿಯಲ್ಲಿದೆ. ಶೇಕಡಾ 40 ಮತ್ತು ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು. ರಾತ್ರಿ ದಿಕ್ಕು ತೋಚದಿದ್ದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿರಿ, ಕನ್ನಡದಲ್ಲಿ ಮಾತನಾಡುತ್ತಾರೆ, ಹಣ ಬೇಕಿಲ್ಲ.

ಬೆಟಗೇರಿಯ ತಂಗಿ

ನಿನ್ನೆ ಅಣ್ಣನನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಎರಡು ಮಾತು ಹೇಳಿದ: ಮಂದಿ ಬಂದಾಗ ಒಳಗೆ ಹೋಗು ಎನ್ನಬೇಡಿರಿ, ಮತ್ತು ಬೆಳಿಗ್ಗೆ ತಲೆ ಭಾರವಾಗಿ ಏಳಲು ಆಗುವುದಿಲ್ಲ, ಅದು ಸೋಮಾರಿತನವಲ್ಲ ಎಂದು ಅಪ್ಪನಿಗೆ ಹೇಳು. ಮೊದಲನೆಯದನ್ನು ಮನೆಯಲ್ಲಿ ಒಪ್ಪಿಸಿದ್ದೇನೆ. ಕಂಡಿಕೆಯ ಕೂಲಿಯನ್ನು ವಾರಕ್ಕೊಮ್ಮೆ ಅವನ ಕೈಗೇ ಕೊಡಲು ಅವ್ವ ಒಪ್ಪಿದ್ದಾಳೆ. ತಲೆ ಭಾರಕ್ಕೆ ಏನಾದರೂ ದಾರಿಯುಂಟೇ?

ಧಾರವಾಡದ ಸಮಾಜಕಾರ್ಯಕರ್ತೆ

ರಾತ್ರಿ ಮಲಗುವಾಗ ತೆಗೆದುಕೊಳ್ಳುವ ಮಾತ್ರೆಯನ್ನು ಸಂಜೆಯೇ ತೆಗೆದುಕೊಂಡರೆ ಕೆಲವರಿಗೆ ಬೆಳಗಿನ ಮಂಪರು ಕಡಿಮೆಯಾಗುತ್ತದೆ, ಪ್ರಮಾಣವನ್ನೂ ವೈದ್ಯರು ಮರುಪರಿಶೀಲಿಸಬಹುದು. ಮುಂದಿನ ಭೇಟಿಯಲ್ಲಿ ಇದನ್ನು ನೀವು ಕೇಳಬೇಡಿ, ಅಣ್ಣನೇ ಕೇಳಲಿ. ಮರೆಯುವ ಭಯವಿದ್ದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ.