ಸಹಾಯ ಬೇಕು: ಸ್ಟಾರ್ ತಪ್ಪಿದರೆ ಮಗ ಕುಗ್ಗಿಹೋಗುತ್ತಾನೆ

ಎಲ್ಲರಿಗೂ ನಮಸ್ಕಾರ. ನಾವು ಮುಂಬೈಯ ಮುಲುಂಡ್‌ನಲ್ಲಿದ್ದೇವೆ, ಊರು ಕುಂದಾಪುರದ ಕಡೆ. ಮಗ ನಾಲ್ಕನೇ ಕ್ಲಾಸು.

ಅವನ ಕ್ಲಾಸಿನ ಗೋಡೆ ಮೇಲೆ ಎಲ್ಲ ಮಕ್ಕಳ ಹೆಸರಿರುವ ಚಾರ್ಟ್ ಇದೆ. ಲೆಕ್ಕ ಸರಿಯಾದರೆ ಸ್ಟಾರ್, ಮಾತಾಡಿದರೆ ಕೆಂಪು ಚುಕ್ಕೆ. ಮೂರು ಚುಕ್ಕೆಗೆ ಆಟದ ಪೀರಿಯಡ್ ಇಲ್ಲ. ಮೊದಮೊದಲು ಹುರುಪಿನಿಂದಲೇ ಹೋಗುತ್ತಿದ್ದ. ಈಗ ಒಂದು ಚುಕ್ಕೆ ಬಿದ್ದರೆ ಊಟ ಬೇಡ, ಮಾತು ಬೇಡ. ಮೊನ್ನೆ ಕಷ್ಟದ ಲೆಕ್ಕವನ್ನು ಮುಟ್ಟಲೇ ಇಲ್ಲ. "ತಪ್ಪಾದರೆ ಸ್ಟಾರ್ ಸಿಗಲ್ಲ ಅಮ್ಮಾ" ಅಂದ. ಹೊಟ್ಟೆ ಚುರ್ ಅಂದಿತು.

"ನಾವು ಬೆತ್ತದ ಏಟು ತಿಂದು ಬೆಳೆಯಲಿಲ್ವಾ?" ಅಂತಾರೆ ನಮ್ಮ ಮನೆಯವರು. ಈಗ ಬೆತ್ತ ಇಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ನನಗೆ ಕಾಯ್ದೆ ಹಿಡಿದು ಜಗಳಕ್ಕೆ ಹೋಗುವ ಮನಸ್ಸಿಲ್ಲ. ಟೀಚರ್ ಒಳ್ಳೆಯವರು, ಒಬ್ಬರೇ ಅಷ್ಟು ಮಕ್ಕಳನ್ನು ಸಂಭಾಳಿಸಬೇಕಲ್ವಾ.

1973ರ ಒಂದು ಅಮೆರಿಕನ್ ಅಧ್ಯಯನದ ಬಗ್ಗೆ ಓದಿದೆ. ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಪುಟಾಣಿಗಳಿಗೆ ಮೊದಲೇ ಬಹುಮಾನದ ಆಸೆ ತೋರಿಸಿ ಬರೆಸಿದರಂತೆ. ಆಮೇಲೆ ಅವರು ತಾವಾಗಿ ಬರೆಯುವುದೇ ಕಡಿಮೆಯಾಯಿತು. ಹೇಳದೆ ಕೊಟ್ಟ ಬಹುಮಾನದಿಂದ ಹಾಗಾಗಲಿಲ್ಲ.

ಇಲ್ಲಿ ಟೀಚರ್‌ಗಳಿದ್ದರೆ ದಯವಿಟ್ಟು ಹೇಳಿ. ತಪ್ಪಾದರೂ ಮತ್ತೆ ಪ್ರಯತ್ನಿಸಿದ್ದಕ್ಕೆ ಸ್ಟಾರ್ ಕೊಡಿ, ಚುಕ್ಕೆಯನ್ನು ಗೋಡೆ ಬಿಟ್ಟು ಡೈರಿಯಲ್ಲಿ ಹಾಕಿ ಅಂತ ಕೇಳಿದರೆ ಬೇಜಾರಾಗ್ತಾರಾ? ಮನೆಯಲ್ಲಿ ಅವನಿಗೆ ಹೇಗೆ ಧೈರ್ಯ ತುಂಬಲಿ? ಶನಿವಾರ ಪೇರೆಂಟ್ಸ್ ಮೀಟಿಂಗ್ ಇದೆ, ಅಷ್ಟರೊಳಗೆ ತಿಳಿಸಿದರೆ ಉಪಕಾರ.