ಮಿಲಿಟರಿ ಹರಾಜಿನ 15 ಕೆವಿಎ ಜನರೇಟರ್ ಅರ್ಧ ಲೋಡಿಗೇ ಓವರ್‌ಲೋಡ್ ಅಂತ ಟ್ರಿಪ್ ಆಗ್ತಿದೆ, ಎಂತ ನೋಡ್ಬೇಕು?

ಹೊಸನಗರ_ತೋಟ:
ನಮಸ್ಕಾರ ಎಲ್ರಿಗೂ. ಮಿಲಿಟರಿ ಡಿಸ್ಪೋಸಲ್ ಹರಾಜಿಂದ ಬಂದ ಡೀಸೆಲ್ ಜನರೇಟರ್ ಒಂದು ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದೀವಿ, ಹಸಿರು ಬಣ್ಣದ್ದು, ಟ್ರೈಲರ್ ಮೇಲೇ ಕೂತಿರೋದು. ಪ್ಲೇಟಲ್ಲಿ 15 ಕೆವಿಎ, 415 ವೋಲ್ಟ್, ತ್ರೀ ಫೇಸ್, 50 ಹರ್ಟ್ಜ್, 1500 ಆರ್‌ಪಿಎಂ, ಪವರ್ ಫ್ಯಾಕ್ಟರ್ 0.8 ಅಂತಿದೆ. ಇಂಜಿನ್ ಬಗ್ಗೆ ಮಾತಾಡೋ ಹಂಗೇ ಇಲ್ಲ, ಚಳಿಲೂ ಒಂದೇ ಸೆಲ್ಫಿಗೆ ಸ್ಟಾರ್ಟ್. ತೊಂದ್ರೆ ಇರೋದು ಲೋಡ್ ಹಾಕಿದ್ಮೇಲೆ. ಅಡಿಕೆ ಸುಲಿಯೋ ಮಷಿನ್ ಎರಡು, ಎರಡೂ 2 ಎಚ್‌ಪಿ ಸಿಂಗಲ್ ಫೇಸ್, ಜೊತೆಗೆ ಮನೆ ಲೈಟು ಫ್ರಿಜ್ಜು, ಬಾವಿ ಪಂಪ್ 1 ಎಚ್‌ಪಿ, ಇಷ್ಟೇ. ಹತ್ತು ಹದಿನೈದು ನಿಮಿಷ ಸರಿ ಓಡತ್ತೆ, ಆಮೇಲೆ ಓವರ್‌ಲೋಡ್ ದೀಪ ಹತ್ತಿ ಮೇನ್ ಕಾಂಟ್ಯಾಕ್ಟರ್ (ಲೋಡಿಗೆ ಕರೆಂಟ್ ಕೊಡೋ ಸ್ವಿಚ್) ಬಿದ್ದೋಗತ್ತೆ, ಇಂಜಿನ್ ಮಾತ್ರ ಓಡ್ತಾನೇ ಇರತ್ತೆ. ರಿಸೆಟ್ ಒತ್ತಿದ್ರೆ ತಕ್ಷಣ ನಿಲ್ಲಲ್ಲ, ಸ್ವಲ್ಪ ಹೊತ್ತು ಬಿಟ್ಟು ಒತ್ತಬೇಕು. ಮಾರಿದೋನಿಗೆ ಫೋನ್ ಮಾಡಿದ್ರೆ ಓವರ್‌ಲೋಡ್ ರಿಲೇ (ಆಂಪ್ಸ್ ಜಾಸ್ತಿ ಆದ್ರೆ ಲೋಡ್ ಕಡಿಯೋ ಸೇಫ್ಟಿ) ಬೈಪಾಸ್ ಮಾಡ್ಕೊಳ್ಳಿ ಅಂತಾನೆ. ಕೊಯ್ಲು ಶುರುವಾಗಿದೆ, ಕರೆಂಟು ಯಾವಾಗ ಹೋಗತ್ತೆ ಗೊತ್ತಿಲ್ಲ, ಬೇಯಿಸೋ ಹಂಡೆ ಕಾಯ್ತಾ ಇರತ್ತೆ ಇಲ್ಲಿ ಮಷಿನ್ ನಿಂತಿರತ್ತೆ. 12 ಕಿಲೋವ್ಯಾಟ್ ಸೆಟ್ಟಿಗೆ ಇದು ಅರ್ಧ ಲೋಡೂ ಅಲ್ವಲ್ಲ ಮಾರಾಯ್ರೆ?

ಸಾಗರ_ವೈಂಡಿಂಗ್:
ಬೈಪಾಸ್ ಮಾತ್ರ ಮಾಡ್ಬೇಡಿ. ಆಲ್ಟರ್ನೇಟರ್ ರಿವೈಂಡಿಂಗಿಗೆ ಬರೋ ಸೆಟ್ಟುಗಳಲ್ಲಿ ಒಂದೇ ಫೇಸಿನ ಕಾಯಿಲ್ ಕಪ್ಪಾಗಿ ಉಳಿದೆರಡು ಹೊಸದರ ಹಂಗೇ ಇರೋದು ಎಷ್ಟು ನೋಡಿದೀನಿ, ಎಲ್ಲಾ ಇದೇ ಕಥೆ. ಒಟ್ಟು ಕಿಲೋವ್ಯಾಟ್ ಲೆಕ್ಕ ಬಿಡಿ ಸಾರ್. 15 ಕೆವಿಎ 415 ವೋಲ್ಟಿಗೆ ಅಂದ್ರೆ ಒಂದೊಂದು ಫೇಸಿಗೆ ಬರೋದು ಸುಮಾರು 21 ಆಂಪ್ಸ್, ಸಿಂಗಲ್ ಫೇಸ್ ಲೆಕ್ಕದಲ್ಲಿ 5 ಕೆವಿಎ, ಅಷ್ಟೇ. ರಿಲೇ ನೋಡೋದು ಒಂದೊಂದು ಫೇಸನ್ನ, ಒಟ್ಟು ಎಷ್ಟು ಅಂತ ಅದಕ್ಕೆ ಗೊತ್ತೇ ಆಗಲ್ಲ. ನಿಮ್ಮ ಮನೆ ವೈರಿಂಗ್ ಸಿಂಗಲ್ ಫೇಸ್ ಕಾಲದ್ದಾಗಿದ್ರೆ ಎಲ್ಲಾ ಒಂದೇ ಫೇಸಲ್ಲಿ ಕೂತಿರೋ ಚಾನ್ಸ್ ಜಾಸ್ತಿ. ಅದೂ ಅಲ್ದೆ ಥರ್ಮಲ್ ರಿಲೇಲಿ ಫೇಸ್ ಫೇಲ್ಯೂರ್ ಪ್ರೊಟೆಕ್ಷನ್ ಇರೋ ಟೈಪ್ ಆದ್ರೆ ಮೂರು ಫೇಸೂ ಸಮ ಇಲ್ಲದಾಗ ಇನ್ನೂ ಬೇಗ ಬೀಳತ್ತೆ. ಕ್ಲ್ಯಾಂಪ್ ಮೀಟರ್ ಹಾಕಿ ಆರ್, ವೈ, ಬಿ ಮೂರು ಫೇಸು, ನ್ಯೂಟ್ರಲ್, ನಾಲ್ಕೂ ಆಂಪ್ಸ್ ರೀಡಿಂಗ್ ತೆಗೆದು ಹಾಕಿ, ಎಲ್ಲಾ ಲೋಡ್ ಓಡ್ತಿರುವಾಗ.

ಮಾಜಿ_ಇಎಂಇ:
ಜೈ ಹಿಂದ್. ಮೊದಲು ಒಂದು ವಿಷಯ, ಹತ್ತು ನಿಮಿಷ ಬಿಟ್ಟು ಬೀಳೋದಕ್ಕೂ ಹಾಕಿದ ತಕ್ಷಣ ಬೀಳೋದಕ್ಕೂ ಕಾರಣ ಬೇರೆ. ತಕ್ಷಣ ಬಿದ್ರೆ ಶಾರ್ಟ್ ಹುಡುಕಬೇಕು, ಲೇಟಾಗಿ ಬಿದ್ರೆ ನಿಜವಾಗ್ಲೂ ಆಂಪ್ಸ್ ಜಾಸ್ತಿ ಇದೆ, ಇಲ್ಲ ರಿಲೇ ಇರೋ ಜಾಗ ಬಿಸಿ ಆಗ್ತಿದೆ. ತಣ್ಣಗಾದ್ಮೇಲೇ ರಿಸೆಟ್ ನಿಲ್ಲತ್ತೆ ಅಂತ ಬರೆದಿದೀರಲ್ಲ, ಅದು ಬೈಮೆಟಲ್ ರಿಲೇ (ಬಿಸಿಯಾದ್ರೆ ಬಾಗೋ ಲೋಹದ ಪಟ್ಟಿ ಇರೋದು, ಥರ್ಮಲ್ ರಿಲೇ ಅಂದ್ರೂ ಅದೇ) ಲಕ್ಷಣ. ಅದರ ಡಯಲ್ ಎಷ್ಟಕ್ಕೆ ಇದೆ ನೋಡಿ. ಹರಾಜಿಗೆ ಬರೋ ಹೊತ್ತಿಗೆ ಎಷ್ಟು ಕೈ ದಾಟಿರತ್ತೋ, ಯಾರೋ 16 ಆಂಪ್ಸಿಗೆ ತಿರುಗಿಸಿ ಬಿಟ್ಟಿದ್ರೂ ಬಿಟ್ಟಿರಬಹುದು. ಕೆಲವು ಸೆಟ್ಟಲ್ಲಿ ಥರ್ಮಲ್ ರಿಲೇ ಬದ್ಲು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್, ಆಂಪ್ಸ್ ಅಳೆಯೋಕೆ) ಹಾಕಿ ಎಲೆಕ್ಟ್ರಾನಿಕ್ ಕಾರ್ಡ್ ಇರತ್ತೆ. ಅದಾದ್ರೆ ಲೋಡೇ ಇಲ್ದೆ ಓಡಿಸಿ, ಆಗ್ಲೂ ದೀಪ ಹತ್ತಿದ್ರೆ ತಪ್ಪು ಕಾರ್ಡಿಂದು ಅಥವಾ ಸಿಟಿ ವೈರಿಂದು. ಸಿಟಿ ಸೆಕೆಂಡರಿ ವೈರ್ ಮಾತ್ರ ಸೆಟ್ ಓಡ್ತಿರುವಾಗ ಬಿಚ್ಚಬೇಡಿ, ತುದೀಲಿ ಭಯಂಕರ ವೋಲ್ಟೇಜ್ ಏಳತ್ತೆ.

ಬೈಪಾಸ್ ಮಾತು ಬಂತಲ್ಲ, ಅಮೇರಿಕನ್ ಆರ್ಮಿ ಎಂಇಪಿ-803ಎ ಅಂತ 10 ಕಿಲೋವ್ಯಾಟ್ ಸೆಟ್ಟಲ್ಲಿ ಬ್ಯಾಟಲ್ ಶಾರ್ಟ್ ಅಂತ ಸ್ವಿಚ್ಚೇ ಇದೆ, ಅದು ಸೇಫ್ಟಿಗಳನ್ನ ಮೀರಿ ಸೆಟ್ ಓಡಿಸೋಕೆ. ಅಲ್ಲೂ ಓವರ್‌ಸ್ಪೀಡು, ಶಾರ್ಟ್ ಸರ್ಕ್ಯೂಟು ಬಿಟ್ಟುಕೊಡಲ್ಲ. ಅದು ಯುದ್ಧದ ಹೊತ್ತಿಗೆ, ಸೆಟ್ ಹೋದ್ರೂ ಪರವಾಗಿಲ್ಲ ಅನ್ನೋ ಹೊತ್ತಿಗೆ. ಅಡಿಕೆ ಸುಲಿಯೋಕಲ್ಲ.

ಕೊಪ್ಪ_ಕಾಫಿ:
ಹಾಗೇ ಚೇಂಜ್‌ಓವರ್ ಸ್ವಿಚ್ (ಲೈನ್ ಕರೆಂಟಿಂದ ಜನರೇಟರಿಗೆ ಬದಲಾಯ್ಸೋದು) ಎಂತ ಹಾಕಿದೀರ ಹೇಳಿ. ನಮ್ಮ ಕಡೆ ಒಬ್ರು ಚೇಂಜ್‌ಓವರೇ ಇಲ್ದೆ ಸಾಕೆಟ್ಟಿಗೆ ಎರಡೂ ಕಡೆ ಪಿನ್ ಇರೋ ವೈರ್ ಚುಚ್ಚಿ ಜನರೇಟರ್ ಕೊಡ್ತಿದ್ರು, ಮೇನ್ ಆಫ್ ಮಾಡೋಕೆ ಮರೆತ ದಿನ ಅದು ಇಡೀ ಕೇರಿಗೆ ಕರೆಂಟ್ ಕೊಡೋಕೆ ಹೋಗಿ ಓವರ್‌ಲೋಡ್ ಆಗ್ತಿತ್ತು. ನಗು ಬರತ್ತೆ, ಆದ್ರೆ ಕಂಬದ ಮೇಲೆ ಲೈನ್‌ಮ್ಯಾನ್ ಇದ್ದಿದ್ರೆ ಎಂತ ಗತಿ? ಟ್ರಾನ್ಸ್‌ಫಾರ್ಮರ್ ಉಲ್ಟಾ ಕೆಲಸ ಮಾಡಿ 11 ಕೆವಿ ಲೈನಿಗೇ ಹೋಗತ್ತೆ.

ಹೊಸನಗರ_ತೋಟ:
ಚೇಂಜ್‌ಓವರ್ ಫೋರ್ ಪೋಲ್ ಇದೆ, ಅದು ಸರಿ ಇದೆ. ಡಯಲ್ 21ಕ್ಕೇ ಇದೆ. ಕ್ಲ್ಯಾಂಪ್ ಮೀಟರ್ ತಂದು ನೋಡಿದ್ವಿ: ಆರ್ 24, ವೈ ಸೊನ್ನೆ, ಬಿ 7 (ಬಾವಿ ಪಂಪ್). ಸಾಗರದೋರು ಹೇಳಿದ್ದು ಹಂಗೇ ಬಂತು. ಎರಡೂ ಮಷಿನ್ ತಲಾ 10, ಮನೆದು 4, ಎಲ್ಲಾ ಆರ್ ಮೇಲೆ. ಇನ್ನೊಂದು, ಲೋಡ್ ಇಲ್ದಾಗ 51 ಹರ್ಟ್ಜ್ ತೋರ್ಸೋದು ಮಷಿನ್ ಹಾಕಿದ್ಮೇಲೆ 47ಕ್ಕೆ ಇಳಿಯತ್ತೆ, ಅದು ನಾರ್ಮಲ್ಲಾ?

ಸಾಗರ_ವೈಂಡಿಂಗ್:
ಒಂದು ಮಷಿನ್ ವೈಗೆ, ಮನೆ ಲೋಡ್ ಬಿಗೆ ಹಾಕಿ. ಆಗ 10, 10, 11 ಆಗತ್ತೆ. ಮನೆದು ಆರಲ್ಲೇ ಬಿಟ್ರೂ ಈಗ ನಡೀತದೆ, ಆದ್ರೆ ಬೇಸಿಗೇಲಿ ತೋಟಕ್ಕೆ ನೀರು ಬಿಡೋಕೆ 5 ಎಚ್‌ಪಿ ತ್ರೀ ಫೇಸ್ ಪಂಪ್ ಇದ್ರ ಮೇಲೇ ಹಾಕಿದ್ರೆ, ಅದು ಫೇಸಿಗೆ 8 ಆಂಪ್ಸ್ ಎಳೆಯತ್ತೆ, ಆಗ ಆರ್ 22 ಆಗಿ ಮತ್ತೆ ಟ್ರಿಪ್. ಪಂಪ್ ಡಿಒಎಲ್ ಸ್ಟಾರ್ಟರ್ (ನೇರ ಪೂರ್ತಿ ವೋಲ್ಟೇಜ್ ಕೊಡೋದು) ಆಗಿದ್ರೆ ಎತ್ತುವಾಗ ಆರು ಪಟ್ಟು ಎಳೆಯತ್ತೆ, ಸ್ಟಾರ್ ಡೆಲ್ಟಾ (ಮೊದಲು ಕಡಿಮೆ ವೋಲ್ಟೇಜಲ್ಲಿ ಎತ್ತೋ ಸ್ಟಾರ್ಟರ್) ಹಾಕಿಸ್ಕೊಳ್ಳಿ, ಮತ್ತೆ ಯಾವತ್ತೂ ಪಂಪ್ ಮೊದಲು, ಸಣ್ಣ ಲೋಡ್ ಆಮೇಲೆ.

ಮಾಜಿ_ಇಎಂಇ:
47 ನಾರ್ಮಲ್ ಅಲ್ಲ. ಮೆಕ್ಯಾನಿಕಲ್ ಗವರ್ನರ್ (ಇಂಜಿನ್ ಸ್ಪೀಡ್ ಹಿಡಿದಿಡೋದು) ಅಂದ್ರೆ ಖಾಲಿ ಇದ್ದಾಗ 52, ಫುಲ್ ಲೋಡಿಗೆ 50, ಅಷ್ಟು ಇಳಿಯೋದು ಸಹಜ. ನಿಮ್ದು ಅರ್ಧ ಲೋಡಿಗೇ 4 ಇಳೀತಿದೆ, ಇಂಜಿನ್ನಿಗೆ ಡೀಸೆಲ್ ಸಾಲ್ತಿಲ್ಲ. ಮಳೆಗಾಲ ಪೂರ್ತಿ ಟ್ಯಾಂಕ್ ಅರ್ಧ ಖಾಲಿ ನಿಂತಿತ್ತಾ? ಮಲ್ನಾಡ್ ಗಾಳೀಲಿ ಒಳಗೆ ನೀರು ಇಬ್ಬನಿ ಕಟ್ಟಿ ಕೆಳಗೆ ಇಳಿಯತ್ತೆ, ನೀರಿಗೂ ಡೀಸೆಲಿಗೂ ನಡುವೆ ಕಪ್ಪು ಲೋಳೆ ಬೆಳೆದು ಫಿಲ್ಟರ್ ಕಟ್ಟತ್ತೆ. ವಾಟರ್ ಸೆಪರೇಟರ್ ಡ್ರೈನ್ ಬಿಚ್ಚಿ ಗಾಜಿನ ಬಾಟ್ಲಿಗೆ ಹಿಡೀರಿ. ಸ್ಪೀಡ್ ಇಳಿದು ಎವಿಆರ್ (ವೋಲ್ಟೇಜ್ ರೆಗ್ಯುಲೇಟರ್) ವೋಲ್ಟೇಜ್ ಮಾತ್ರ ಹಂಗೇ ಹಿಡಿದಿಟ್ರೆ ಮೋಟಾರ್ ಇನ್ನೂ ಜಾಸ್ತಿ ಆಂಪ್ಸ್ ಎಳೆಯತ್ತೆ, ಹಂಗಾಗಿ ಆ 24ರಲ್ಲಿ ಸ್ವಲ್ಪ ಇದರದ್ದೂ ಇರತ್ತೆ. ಗವರ್ನರ್ ಸ್ಕ್ರೂ ಮುಟ್ಟಬೇಡಿ, ಮೊದಲು ಫಿಲ್ಟರ್.

ಹೊಸನಗರ_ತೋಟ:
ಲೋಡ್ ಹಂಚಿದ್ವಿ, ಫಿಲ್ಟರ್ ಎರಡೂ ಬದಲಾಯ್ಸಿದ್ವಿ (ಶಿವಮೊಗ್ಗ ಆಟೋ ಕಾಂಪ್ಲೆಕ್ಸಲ್ಲಿ ಸಿಕ್ತು). ಬಾಟ್ಲಿ ತಳದಲ್ಲಿ ಎರಡು ಬೆರಳು ನೀರು, ಅದರ ಮೇಲೆ ಹಳೇ ಬೆಲ್ಲದ ಪಾಕದ ಹಂಗೆ ಎಂತದೋ ಕಪ್ಪು. ಈಗ 50ರ ಹತ್ರ ನಿಲ್ತಿದೆ. ಒಂದೂವರೆ ಗಂಟೆ ಚೆನ್ನಾಗಿ ಓಡ್ತು, ಆಮೇಲೆ ಮತ್ತೆ ಟ್ರಿಪ್! ಮೀಟರಲ್ಲಿ ಯಾವ ಫೇಸೂ 11 ದಾಟಿಲ್ಲ.

ಸಾಗರ_ವೈಂಡಿಂಗ್:
ಹಂಗಾದ್ರೆ ಬಿಸಿ. ಸೆಟ್ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ತೆಗೆದು, ರಿಲೇ ಕೆಳಗಿನ ಮೂರು ಲಗ್ (ವೈರ್ ತುದಿಗೆ ಒತ್ತಿ ಕೂರ್ಸಿರೋ ಲೋಹದ ತುಂಡು) ನೋಡಿ. ಇಷ್ಟು ದಿನ ಆರ್ ಫೇಸ್ ಒಂದೇ ಬೆಂದಿದೆ, ಅಲ್ಲಿ ಸ್ಲೀವ್ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ರೆ ಲಗ್ ಸಡಿಲ ಇದೆ. ಲೂಸ್ ಜಾಯಿಂಟಿನ ಬಿಸಿ ಬೈಮೆಟಲ್ಲಿಗೆ ನೇರ ಹೋಗತ್ತೆ, ಆಂಪ್ಸ್ ಇಲ್ದಿದ್ರೂ ಅದು ಬಾಗತ್ತೆ. ಬರೀ ಸ್ಕ್ರೂ ಟೈಟ್ ಮಾಡಿದ್ರೆ ಆಗಲ್ಲ, ಸುಟ್ಟ ತಾಮ್ರ ಕತ್ತರಿಸಿ ಹೊಸ ಲಗ್ ಕ್ರಿಂಪ್ ಮಾಡ್ಬೇಕು.

ಹೊಸನಗರ_ತೋಟ:
ಕಂದು ಅಲ್ಲ ಸಾರ್, ಕರೀನೇ ಆಗಿದೆ. ಸ್ಲೀವ್ ಮುಟ್ಟಿದ್ರೆ ಪುಡಿ ಉದುರ್ತು, ಒಳಗೆ ತಂತಿ ಎಳೆ ಅರ್ಧ ಬಿಟ್ಕೊಂಡಿತ್ತು. ಹೊಸ ಲಗ್ ಹಾಕ್ಸಿದ್ವಿ. ನಿನ್ನೆ ಸಂಜೆ ಐದಕ್ಕೆ ಕರೆಂಟ್ ಹೋಗಿದ್ದು, ರಾತ್ರಿ ಸುಲಿತ ಮುಗಿಯೋವರೆಗೂ ಟ್ರಿಪ್ ಇಲ್ಲ. ಇದೇ ರಿಲೇ ಇಟ್ಕೊಳ್ಳೋದಾ ಹೊಸದು ಹಾಕೋದಾ?

ಮಾಜಿ_ಇಎಂಇ:
ಹೊಸದು ಹಾಕಿ. ಅಷ್ಟು ಬೆಂದ ಬೈಮೆಟಲ್ ಇನ್ನು 21 ಅಂದ್ರೆ 21ಕ್ಕೇ ಬೀಳತ್ತೆ ಅಂತ ನಂಬೋಕಾಗಲ್ಲ. ಹಳೇದರ ರೇಂಜ್ ಫೋಟೋ ಹೊಡ್ಕೊಂಡು ಅಂಗಡಿಗೆ ಹೋಗಿ, 21 ಡಯಲ್ಲಿನ ನಡುವೆ ಬರೋ ರೇಂಜಿಂದು ಕೇಳಿ, ತುದಿಗೆ ಬರೋದು ಬೇಡ.